ಮುರಿದ ನರ ಚಿಗುರುವುದೆ?

ರಾತ್ರಿ ಎಲ್ಲರೊಡನೆ ಊಟ ಮುಗಿಸಿ, ನಾಳೆಯ ಕೆಲಸದ ಮಾತನಾಡಿ ಮಲಗಿದ ಮನುಷ್ಯ ಬೆಳಗ್ಗೆ ಏಳಲು ಹೋಗುತ್ತಾನೆ. ಬಲಗೈ ಮೇಲೇಳುವುದಿಲ್ಲ, ಬಲಗಾಲು ನೆಲಕ್ಕೆ ಊರುವುದಿಲ್ಲ. ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆ. ಮನಸ್ಸಿನಲ್ಲಿರುವ ಮಾತು ನಾಲಗೆಗೆ ಬರುವಷ್ಟರಲ್ಲಿ ತೊದಲಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಇದನ್ನು ‘ಲಕ್ವ ಹೊಡೆಯಿತು’ ಎನ್ನುತ್ತಾರೆ. ಗ್ರಂಥಗಳಲ್ಲಿ ಇದರ ಹೆಸರು ಪಾರ್ಶ್ವವಾಯು. ಪಾರ್ಶ್ವವೆಂದರೆ ಮಗ್ಗುಲು, ದೇಹದ ಒಂದು ಮಗ್ಗುಲನ್ನು ವಾಯು ಹಿಡಿದುಕೊಂಡಿತೆಂದು ಹಿಂದಿನವರು ಭಾವಿಸಿದ್ದರಿಂದ ಈ ಹೆಸರು ಬಂದಿತು. ಇಂದಿಗೂ ಎಷ್ಟೋ ಮನೆಗಳಲ್ಲಿ ರೋಗಿಯ ಕೈಕಾಲುಗಳಿಗೆ ಎಣ್ಣೆ ತಿಕ್ಕುತ್ತ ದಿನಗಳನ್ನು ಕಳೆಯುವುದುಂಟು. ಆದರೆ ಪೆಟ್ಟು ಬಿದ್ದಿರುವುದು ಕೈಗೂ ಅಲ್ಲ, ಕಾಲಿಗೂ ಅಲ್ಲ, ಮಿದುಳಿಗೆ.

ಮನುಷ್ಯದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ 2 ಮಾತ್ರ. ಆದರೆ ದೇಹವು ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಪಾಲು ಅದಕ್ಕೇ ಬೇಕು. ಇಷ್ಟು ದೊಡ್ಡ ಖರ್ಚಿನ ಈ ಮನೆಯಲ್ಲಿ ಕಣಜವೆಂಬುದು ಇಲ್ಲವೆಂದೇ ಹೇಳಬೇಕು. ರಕ್ತವು ಕ್ಷಣಕ್ಷಣಕ್ಕೂ ತಂದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಮಿದುಳಿಗೆ ರಕ್ತವನ್ನು ಒಯ್ಯುವ ನಾಳವೊಂದರಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋದರೆ, ಅಥವಾ ನಾಳವೇ ಒಡೆದು ರಕ್ತ ಹೊರಕ್ಕೆ ಹರಿದರೆ, ಆ ನಾಳವನ್ನು ನಂಬಿದ್ದ ನರಕೋಶಗಳು ನಿಮಿಷಗಳಲ್ಲಿ ಸಾಯತೊಡಗುತ್ತವೆ. ಇವುಗಳಲ್ಲಿ ನಾಳ ಮುಚ್ಚಿಹೋಗುವ ಬಗೆಯೇ ಹೆಚ್ಚು. ದೊಡ್ಡ ನಾಳವೊಂದು ಮುಚ್ಚಿಹೋದಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರಲ್ಲಿ ಲೆಕ್ಕ ಹಾಕಲಾಯಿತು. ಮಿದುಳಿನ ಎಡಭಾಗ ದೇಹದ ಬಲಮಗ್ಗುಲನ್ನೂ, ಬಲಭಾಗ ಎಡಮಗ್ಗುಲನ್ನೂ ಆಳುತ್ತವೆ. ಆದುದರಿಂದ ನಾವು ಮೇಲೆ ಕಂಡ ರೋಗಿಗೆ ಏಟು ಬಿದ್ದಿರುವುದು ಎಡಮಿದುಳಿನಲ್ಲಿ.

ಕೈ ಕೊಯ್ದರೆ ಚರ್ಮ ಕೂಡಿಕೊಳ್ಳುತ್ತದೆ. ಮೂಳೆ ಮುರಿದರೆ ಬೆಸೆದುಕೊಳ್ಳುತ್ತದೆ. ಸತ್ತ ನರಕೋಶದ ಜಾಗದಲ್ಲಿ ಮಾತ್ರ ಹೊಸ ನರಕೋಶ ಹುಟ್ಟಿ ಅದರ ಕೆಲಸವನ್ನು ವಹಿಸಿಕೊಳ್ಳುವುದನ್ನು ನಾವು ಕಾಣುವುದಿಲ್ಲ. ನರಕೋಶಗಳ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಚಿತ್ರಿಸಿ, 1906ರಲ್ಲಿ ನೊಬೆಲ್ ಬಹುಮಾನ ಪಡೆದ ಸ್ಪೇನ್ ದೇಶದ ಸಾಂತಿಯಾಗೊ ರಾಮೋನ್ ಇ ಕಹಾಲ್ ಎಂಬ ವಿಜ್ಞಾನಿ, ಬೆಳೆದ ಪ್ರಾಣಿಯ ಮಿದುಳಿನಲ್ಲಿ ನರಗಳ ದಾರಿಗಳು ಒಮ್ಮೆ ಗೊತ್ತಾದರೆ ಮುಗಿಯಿತು, ಮತ್ತೆ ಬದಲಾಗಲಾರವು ಎಂದು ತೀರ್ಮಾನಿಸಿದನು. ಅವನ ಮಾತಿಗೆ ಬಹಳ ತೂಕವಿತ್ತು. ಮುಂದೆ ಐವತ್ತು ಅರವತ್ತು ವರ್ಷಗಳ ಕಾಲ ವೈದ್ಯರು ಈ ತೀರ್ಮಾನವನ್ನೇ ನೆಚ್ಚಿಕೊಂಡಿದ್ದರು.

ಹಾಗಾದರೆ ಒಂದು ಪ್ರಶ್ನೆ ಏಳುತ್ತದೆ. ಪಾರ್ಶ್ವವಾಯು ತಗಲಿದವರಲ್ಲಿ ಅನೇಕರು ಕೆಲವು ವಾರಗಳಲ್ಲಿ ಬೆರಳನ್ನು ಮಡಿಸುತ್ತಾರೆ, ಕೆಲವು ತಿಂಗಳುಗಳಲ್ಲಿ ಲೋಟ ಹಿಡಿಯುತ್ತಾರೆ, ಗೋಡೆ ಹಿಡಿದು ನಡೆಯುತ್ತಾರೆ. ಸತ್ತ ಕೋಶಗಳು ಮರಳಿ ಬರುವುದಿಲ್ಲವಾದರೆ ಈ ಚೇತರಿಕೆ ಎಲ್ಲಿಂದ ಬಂದಿತು? ಊತ ಇಳಿಯುವುದರಿಂದ ಮೊದಲ ಕೆಲವು ದಿನಗಳಲ್ಲಿ ಸ್ವಲ್ಪ ಗುಣ ಕಾಣುವುದು ನಿಜ. ಆದರೆ ತಿಂಗಳುಗಟ್ಟಲೆ ನಡೆಯುವ ಚೇತರಿಕೆಗೆ ಬೇರೆಯೇ ಕಾರಣವಿರಬೇಕು. ಆ ಕಾರಣ ಸತ್ತ ಕೋಶಗಳಲ್ಲಿಲ್ಲ, ಅವುಗಳ ನೆರೆಯಲ್ಲಿ ಬದುಕಿ ಉಳಿದ ಕೋಶಗಳಲ್ಲಿದೆ.

ನರಕೋಶವೊಂದಕ್ಕೆ ಒಂದು ಒಡಲು, ಅದರಿಂದ ಹೊರಟ ಒಂದು ನೀಳವಾದ ಎಳೆ ಇರುತ್ತದೆ. ಈ ಎಳೆಯನ್ನು ಆಕ್ಸಾನ್ ಎನ್ನುತ್ತಾರೆ. ನಾವು ಇಲ್ಲಿ ನರತಂತು ಎನ್ನೋಣ. ಮಿದುಳಿನಿಂದ ಹೊರಟು ಬೆನ್ನುಹುರಿಯೊಳಗೆ ಸೊಂಟದವರೆಗೆ ಇಳಿಯುವ ನರತಂತುಗಳೂ ಇವೆ. ಮಿದುಳಿನ ಒಂದೆಡೆ ಕೋಶಗಳು ಸತ್ತಾಗ, ಸುತ್ತಲೂ ಉಳಿದ ಕೋಶಗಳಲ್ಲಿ ಕೆಲವು ತಮ್ಮ ತಂತುಗಳಿಂದ ಹೊಸ ಕವಲುಗಳನ್ನು ಹೊರಡಿಸುತ್ತವೆ. ಕೊಂಬೆ ಕಡಿದ ಹೊಂಗೆಯ ಮರ ಬುಡದ ಹತ್ತಿರ ಚಿಗುರುವುದನ್ನು ನೀವು ನೋಡಿದ್ದೀರಿ, ಸುಮಾರಾಗಿ ಹಾಗೆಯೇ. ಆ ಕವಲು ಇನ್ನೊಂದು ಕೋಶವನ್ನು ಮುಟ್ಟಿ ಸಂಪರ್ಕ ಕೂಡಿಸಿಕೊಂಡರೆ, ಕಡಿದುಹೋದ ಸುದ್ದಿ ಬಳಸುದಾರಿಯಲ್ಲಿಯಾದರೂ ಕೈಗೆ ತಲುಪುತ್ತದೆ. ಚಿಗುರು ತಾನಾಗಿ ಹೊರಡುವುದಿಲ್ಲ. ಹೊರಡು ಎಂದು ಹೇಳುವವರೂ, ನಿಲ್ಲು ಎಂದು ತಡೆಯುವವರೂ ಮಿದುಳಿನಲ್ಲಿ ಇದ್ದಾರೆ. ಇವರೇ ಪ್ರೋಟೀನುಗಳು.

ಪ್ರೋಟೀನೆಂದರೆ ಬೇಳೆಯಲ್ಲಿಯೂ ಮೊಟ್ಟೆಯಲ್ಲಿಯೂ ಇರುವ ಪುಷ್ಟಿಯ ಅಂಶವೆಂದಷ್ಟೇ ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಅದು ಅರ್ಧ ಸತ್ಯ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಬೇರೆ ಬೇರೆ ಕ್ರಮದಲ್ಲಿ ಪೋಣಿಸಿ ಮಾಡಿದ ಸರಗಳೇ ಪ್ರೋಟೀನುಗಳು. ವರ್ಣಮಾಲೆಯ ಕೆಲವೇ ಅಕ್ಷರಗಳಿಂದ ಸಾವಿರಾರು ಪದಗಳಾಗುವಂತೆ ಈ ಇಪ್ಪತ್ತರಿಂದ ಸಾವಿರಾರು ಪ್ರೋಟೀನುಗಳಾಗುತ್ತವೆ. ಕೆಲವು ದೇಹವನ್ನು ಕಟ್ಟುತ್ತವೆ. ಕೆಲವು ಕೋಶದಿಂದ ಕೋಶಕ್ಕೆ ಓಲೆಕಾರರಂತೆ ಓಡಾಡುತ್ತವೆ. ನರಕ್ಕೆ ‘ಬೆಳೆ’ ಎಂದು ಹೇಳುವ ಓಲೆಕಾರನನ್ನು ಮೊದಲು ಕಂಡುಹಿಡಿದ ಬಗೆ ವಿಜ್ಞಾನದ ಇತಿಹಾಸದಲ್ಲಿ ತೀರ ವಿಶೇಷವಾದುದು.

ಇಟಲಿಯ ಟ್ಯೂರಿನ್ ನಗರದಲ್ಲಿ 1909ರಲ್ಲಿ ಜನಿಸಿದ ರೀಟಾ ಲೆವಿ-ಮೊಂಟಾಲ್ಚಿನಿ ತಂದೆಗೆ ಅಷ್ಟಾಗಿ ಇಷ್ಟವಿಲ್ಲದಿದ್ದರೂ ವೈದ್ಯಶಾಸ್ತ್ರ ಓದಿ 1936ರಲ್ಲಿ ಪದವಿ ಪಡೆದರು. ಅವರು ಯೆಹೂದಿ ಮನೆತನದವರು. 1938ರಲ್ಲಿ ಮುಸೊಲಿನಿಯ ಸರ್ಕಾರ ಯೆಹೂದಿಗಳು ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡಬಾರದೆಂದು ಕಾನೂನು ಮಾಡಿತು. ಪ್ರಯೋಗಶಾಲೆಯ ಬಾಗಿಲು ಮುಚ್ಚಿತೆಂದು ಆಕೆ ಸುಮ್ಮನೆ ಕೂರಲಿಲ್ಲ. ತಮ್ಮ ಮಲಗುವ ಕೋಣೆಯನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಹೊಲಿಗೆಯ ಸೂಜಿಗಳನ್ನು ಕಲ್ಲಿನ ಮೇಲೆ ಮಸೆದು ಶಸ್ತ್ರಗಳನ್ನು ಮಾಡಿದರು. ಪ್ರಯೋಗಕ್ಕೆ ಬೇಕಾದುದು ಕೋಳಿಯ ಮೊಟ್ಟೆ. ನಗರದ ಮೇಲೆ ಬಾಂಬುಗಳು ಬೀಳತೊಡಗಿದಾಗ ಮನೆಯವರೆಲ್ಲ ಗುಡ್ಡಗಾಡಿನ ಹಳ್ಳಿಯ ಮನೆಯೊಂದಕ್ಕೆ ಹೋದರು. ಅಲ್ಲಿ ರೀಟಾ ಬೈಸಿಕಲ್ ಮೇಲೆ ರೈತರ ಮನೆಮನೆಗೂ ಹೋಗಿ, ಮಕ್ಕಳಿಗೆ ಪುಷ್ಟಿಯಾಗಬೇಕು, ಮರಿಯಾಗುವ ಮೊಟ್ಟೆಯನ್ನೇ ಕೊಡಿರೆಂದು ಬೇಡಿ ತರುತ್ತಿದ್ದರು. ಯುದ್ಧಕಾಲದ ಅಭಾವ, ಪ್ರಯೋಗ ಮುಗಿದ ಮೇಲೆ ಉಳಿದ ಮೊಟ್ಟೆ ಅಡಿಗೆಮನೆಗೆ ಹೋಗುತ್ತಿತ್ತು!

ಆಕೆ ನೋಡಿದುದೇನು? ಮೊಟ್ಟೆಯೊಳಗೆ ಬೆಳೆಯುತ್ತಿರುವ ಭ್ರೂಣದ ಕಾಲಿನ ಮೊಳಕೆಯನ್ನು ಕತ್ತರಿಸಿಬಿಟ್ಟರೆ, ಆ ಕಾಲಿಗೆ ಹೋಗಬೇಕಾಗಿದ್ದ ನರಕೋಶಗಳು ಮೊದಲು ಹುಟ್ಟುತ್ತವೆ, ಹೊರಡುತ್ತವೆ, ಆಮೇಲೆ ಸಾಯುತ್ತವೆ. ಹುಟ್ಟಿದ ಕೋಶ ಏಕೆ ಸಾಯಬೇಕು? ಹೋಗಿ ಸೇರಬೇಕಾದ ಸ್ಥಳದಿಂದ ಅದಕ್ಕೆ ಏನೋ ಒಂದು ಬರಬೇಕಾಗಿತ್ತು, ಬರಲಿಲ್ಲ ಎಂದು ರೀಟಾ ಊಹಿಸಿದರು. ಆ ‘ಏನೋ ಒಂದು’ ಯಾವುದೆಂದು ತಿಳಿಯಲು ಇನ್ನೂ ಅನೇಕ ವರ್ಷಗಳು ಬೇಕಾದವು.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಆಕೆ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿದ್ದ ವಿಕ್ಟರ್ ಹ್ಯಾಂಬರ್ಗರ್ ಎಂಬ ವಿಜ್ಞಾನಿಯ ಆಹ್ವಾನದ ಮೇರೆಗೆ ಅಲ್ಲಿಗೆ ಹೋದರು. ಕೆಲವು ತಿಂಗಳುಗಳಿಗೆಂದು ಹೋದವರು ಸುಮಾರು ಮೂವತ್ತು ವರ್ಷ ಅಲ್ಲಿ ಕೆಲಸ ಮಾಡಿದರು. ಇಲಿಯ ಒಂದು ಬಗೆಯ ಗೆಡ್ಡೆಯನ್ನು ಕೋಳಿಯ ಭ್ರೂಣಕ್ಕೆ ಕಸಿಮಾಡಿದರೆ ನರತಂತುಗಳು ಹುಚ್ಚುಹಿಡಿದಂತೆ ಅದರೊಳಕ್ಕೆ ನುಗ್ಗುತ್ತಿದ್ದವು. 1952ರಲ್ಲಿ ಗೆಡ್ಡೆಯಿದ್ದ ಇಲಿಗಳನ್ನು ಒಂದು ಪುಟ್ಟ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಆಕೆ ವಿಮಾನದಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊ ನಗರಕ್ಕೆ ಹೋದರು. ಅಲ್ಲಿಯ ಪ್ರಯೋಗಶಾಲೆಯಲ್ಲಿ ಗಾಜಿನ ಬಟ್ಟಲಿನಲ್ಲಿ ನರಕೋಶಗಳ ಪಕ್ಕಕ್ಕೆ ಗೆಡ್ಡೆಯ ಚೂರನ್ನಿಟ್ಟಾಗ, ಒಂದು ದಿನದೊಳಗೆ ನರತಂತುಗಳು ಸೂರ್ಯನ ಕಿರಣಗಳಂತೆ ಸುತ್ತಲೂ ಚಾಚಿಕೊಂಡವು. ಗೆಡ್ಡೆಯಿಂದ ಯಾವುದೋ ರಸ ಹೊರಡುತ್ತಿದೆ ಎಂಬುದಕ್ಕೆ ಇನ್ನು ಸಂದೇಹವಿರಲಿಲ್ಲ.

ಆ ರಸವನ್ನು ಶುದ್ಧಮಾಡುವ ಕೆಲಸವನ್ನು ಸ್ಟ್ಯಾನ್ಲಿ ಕೊಹೆನ್ ಎಂಬ ಜೀವರಸಾಯನ ವಿಜ್ಞಾನಿ ವಹಿಸಿಕೊಂಡರು. ಬೇಡದ ಅಂಶವೊಂದನ್ನು ಕರಗಿಸಲೆಂದು ಅವರು ಅದಕ್ಕೆ ಹಾವಿನ ವಿಷವನ್ನು ಬೆರೆಸಿದರು. ಆಶ್ಚರ್ಯವೆಂದರೆ ಬೆಳವಣಿಗೆ ಇನ್ನೂ ಹೆಚ್ಚಾಯಿತು. ಬೆಳೆಸುವ ವಸ್ತು ವಿಷದಲ್ಲಿಯೇ ಹೇರಳವಾಗಿತ್ತು! ಹಾವಿನ ವಿಷಗ್ರಂಥಿಯೂ ನಮ್ಮ ಜೊಲ್ಲಿನ ಗ್ರಂಥಿಯೂ ಒಂದೇ ಕುಲದವು. ಹಾಗಾದರೆ ಇಲಿಯ ಜೊಲ್ಲಿನ ಗ್ರಂಥಿಯಲ್ಲಿಯೂ ಇರಬೇಕಲ್ಲವೆ ಎಂದು ಹುಡುಕಿದರು, ಇತ್ತು. ಅದೊಂದು ಪ್ರೋಟೀನು. ಅದಕ್ಕೆ ‘ನರ್ವ್ ಗ್ರೋತ್ ಫ್ಯಾಕ್ಟರ್’, ಎಂದರೆ ನರವರ್ಧಕ ಎಂದು ಹೆಸರಾಯಿತು. ಲೆವಿ-ಮೊಂಟಾಲ್ಚಿನಿ ಮತ್ತು ಕೊಹೆನ್ ಇಬ್ಬರಿಗೂ 1986ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಆಕೆ 103 ವರ್ಷ ಬಾಳಿ 2012ರಲ್ಲಿ ತೀರಿಕೊಂಡರು.

ಈ ನರವರ್ಧಕ ಮುಖ್ಯವಾಗಿ ಮಿದುಳಿನಿಂದ ಹೊರಗಿರುವ ಕೆಲವು ಬಗೆಯ ನರಗಳಿಗೆ ಬೇಕಾದುದು. ಮಿದುಳಿನಲ್ಲಿಯೇ ಅಂಥದೊಂದು ಇದೆಯೆ ಎಂದು ಜರ್ಮನಿಯಲ್ಲಿ ಈವ್-ಅಲೇನ್ ಬಾರ್ಡ್, ಹ್ಯಾನ್ಸ್ ಥೋನೆನ್ ಮತ್ತು ಸಂಗಡಿಗರು ಹುಡುಕಿ, 1982ರಲ್ಲಿ ಹಂದಿಯ ಮಿದುಳಿನಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ಒಂದೂವರೆ ಕಿಲೋಗ್ರಾಂ ಮಿದುಳಿನಿಂದ ಅವರಿಗೆ ಸಿಕ್ಕಿದ್ದು ಸುಮಾರು ಒಂದು ಮೈಕ್ರೋಗ್ರಾಂ, ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಬಿ.ಡಿ.ಎನ್.ಎಫ್. ಎಂಬ ಮೊಟಕು ಹೆಸರಿನ ಈ ಪ್ರೋಟೀನು ನರಕೋಶಗಳನ್ನು ಬದುಕಿಸುತ್ತದೆ. ಕೋಶಕೋಶಗಳ ನಡುವಣ ಸಂಪರ್ಕವನ್ನು ಗಟ್ಟಿಗೊಳಿಸುತ್ತದೆ. ನೀವು ಒಂದು ಪಾಠವನ್ನು ಕಲಿತು ನೆನಪಿಡುವಾಗಲೂ ಇದು ಕೆಲಸ ಮಾಡುತ್ತಿರುತ್ತದೆ.

ಇಷ್ಟು ತಿಳಿದ ಮೇಲೆ ಕೆಲಸ ಸುಲಭವೆಂದು ತೋರಬಹುದು: ಈ ಪ್ರೋಟೀನನ್ನು ಸೂಜಿಯಿಂದ ಚುಚ್ಚಿದರಾಯಿತು! ಹಾಗೆ ಮಾಡಿ ನೋಡಿದ್ದೂ ಉಂಟು. ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುವ ಬೇರೊಂದು ರೋಗದಲ್ಲಿ, 1990ರ ದಶಕದಲ್ಲಿ, ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಬಿ.ಡಿ.ಎನ್.ಎಫ್. ಪರೀಕ್ಷೆ ನಡೆಯಿತು, ನಿರೀಕ್ಷಿಸಿದ ಫಲ ಸಿಗಲಿಲ್ಲ. ಮಿದುಳಿನ ರಕ್ತನಾಳಗಳ ಗೋಡೆ ಕೋಟೆಯಂತೆ ಬಿಗಿಯಾದುದು. ದೊಡ್ಡ ಪ್ರೋಟೀನುಗಳನ್ನು ಅದು ಸುಲಭವಾಗಿ ಒಳಕ್ಕೆ ಬಿಡುವುದಿಲ್ಲ. ಒಳಕ್ಕೆ ಹೋದರೂ ಎಲ್ಲಿಗೆ ಬೇಕೋ ಅಲ್ಲಿಗೆ, ಎಷ್ಟು ಬೇಕೋ ಅಷ್ಟು, ಬೇಕಾದ ಹೊತ್ತಿಗೇ ತಲುಪಬೇಕು. ಇದಲ್ಲದೆ ಇನ್ನೊಂದು ಅಡಚಣೆ ಇತ್ತು. ಅದು ಮಿದುಳಿನ ನೆಲದಲ್ಲಿಯೇ ಇದ್ದುದು.

ಕೈಯ ನರ ಕಡಿದರೆ ಅದು ನಿಧಾನವಾಗಿ ಬೆಳೆದು ಕೂಡಿಕೊಳ್ಳುವುದುಂಟೆಂದು ವೈದ್ಯರಿಗೆ ಬಹಳ ಕಾಲದಿಂದ ಗೊತ್ತಿತ್ತು. ಬೆನ್ನುಹುರಿಯ ತಂತು ಮಾತ್ರ ಬೆಳೆಯದು. ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಸ್ಯಾಮ್ಯುಯೆಲ್ ಡೇವಿಡ್ ಮತ್ತು ಆಲ್ಬರ್ಟ್ ಅಗುವಾಯೊ ಎಂಬುವರು ಇಲಿಯ ಕಾಲಿನ ನರದ ಒಂದು ತುಂಡನ್ನು ಅದರ ಬೆನ್ನುಹುರಿಗೆ ಸೇತುವೆಯಂತೆ ಕಸಿಮಾಡಿದರು. ಬೆಳೆಯಲಾರವೆಂದು ಹೇಳುತ್ತಿದ್ದ ತಂತುಗಳು ಆ ಸೇತುವೆಯೊಳಗೆ ಸುಮಾರು ಮೂರು ಸೆಂಟಿಮೀಟರ್ ದೂರ ಬೆಳೆದವು! ಇದು ಪ್ರಕಟವಾದುದು 1981ರಲ್ಲಿ. ತಂತುವಿಗೆ ಬೆಳೆಯುವ ಶಕ್ತಿ ಇದೆ, ಅದರ ಸುತ್ತಲಿನ ನೆಲ ಬೆಳೆಯಗೊಡುತ್ತಿಲ್ಲ ಎಂದು ಇದರಿಂದ ಸ್ಪಷ್ಟವಾಯಿತು. ನನ್ನ ದೃಷ್ಟಿಯಲ್ಲಿ ಈ ವಿಷಯದ ಪ್ರಯೋಗಗಳಲ್ಲೆಲ್ಲ ಇದೇ ಅತ್ಯಂತ ಸೊಗಸಾದುದು. ಸಲಕರಣೆ ಬಹಳ ಬೇಕಾಗಲಿಲ್ಲ, ಪ್ರಶ್ನೆ ಸರಿಯಾಗಿತ್ತು.

ತಡೆಯುವವರು ಯಾರು? ವಿದ್ಯುತ್ತಿನ ತಂತಿಗೆ ಹೊದಿಕೆಯಿರುವಂತೆ ನರತಂತುವಿಗೂ ಮಯಲಿನ್ ಎಂಬ ಹೊದಿಕೆಯಿದೆ. ಮಿದುಳು ಮತ್ತು ಬೆನ್ನುಹುರಿಗಳ ಈ ಹೊದಿಕೆಯಲ್ಲಿ ಬೆಳವಣಿಗೆಯನ್ನು ನಿಲ್ಲಿಸುವ ಪ್ರೋಟೀನುಗಳಿವೆ ಎಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಮಾರ್ಟಿನ್ ಶ್ವಾಬ್ ಮತ್ತು ಅವರ ಸಂಗಡಿಗರು 1988ರಲ್ಲಿ ತೋರಿಸಿದರು. ಅವುಗಳಲ್ಲಿ ಮುಖ್ಯವಾದುದರ ರಚನೆ 2000ದಲ್ಲಿ ತಿಳಿದುಬಂದಿತು. ಅದಕ್ಕೆ ‘ನೋಗೊ’ ಎಂದು ಹೆಸರಿಟ್ಟರು. ಇಂಗ್ಲಿಷಿನಲ್ಲಿ ‘ಹೋಗಬೇಡ’ ಎಂಬ ಅರ್ಥ ಅದರಲ್ಲಿ ಅಡಗಿದೆ. ಇದು ಸಾಲದೆಂಬಂತೆ, ಗಾಯವಾದ ಜಾಗದ ಸುತ್ತ ಕಟ್ಟುವ ಕಲೆಯಲ್ಲಿ ಸಕ್ಕರೆಯ ಸರಗಳನ್ನು ಹೊತ್ತ ಬೇರೆ ಪ್ರೋಟೀನುಗಳು ಬೇಲಿಯ ಮುಳ್ಳಿನಂತೆ ನಿಂತು ದಾರಿಯನ್ನು ತಡೆಯುತ್ತವೆ.

ದೇಹ ತನ್ನ ಕಾಲಿಗೆ ತಾನೇ ಏಕೆ ಸಂಕೋಲೆ ಹಾಕಿಕೊಂಡಿತೆಂದು ನೀವು ಕೇಳಬಹುದು. ಹುಟ್ಟಿದಂದಿನಿಂದ ಕಲಿತ ನಡಿಗೆ, ಮಾತು, ಬರಹ ಎಲ್ಲವೂ ಮಿದುಳಿನಲ್ಲಿ ಕೋಟಿಗಟ್ಟಲೆ ಸಂಪರ್ಕಗಳಾಗಿ ನೆಲೆಗೊಂಡಿವೆ. ತಂತುಗಳು ಮನಬಂದಂತೆ ಬೆಳೆಯತೊಡಗಿದರೆ ಆ ಏರ್ಪಾಡು ಕೆಡುವುದು. ಅದನ್ನು ಕಾಯಲೆಂದೇ ಈ ತಡೆ ಇರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಹಾಗಾದರೆ ತಡೆಯನ್ನು ತೆಗೆಯುವುದು ಎಚ್ಚರದಿಂದ ಮಾಡಬೇಕಾದ ಕೆಲಸ. ಎಷ್ಟು ಎಚ್ಚರ ಬೇಕೆಂಬುದನ್ನು ಶ್ವಾಬ್ ಅವರ ತಂಡದ ಇನ್ನೊಂದು ಪ್ರಯೋಗ ತೋರಿಸಿತು.

ಅದು ಪ್ರಕಟವಾದುದು 2014ರಲ್ಲಿ. ಪಾರ್ಶ್ವವಾಯುವಿನಿಂದ ಮುಂಗಾಲು ಸೋತ ಇಲಿಗಳಿಗೆ ನೋಗೊವನ್ನು ಅಪ್ಪಿಹಿಡಿದು ಅಡಗಿಸುವ ಪ್ರತಿಕಾಯವೊಂದನ್ನು ಕೊಟ್ಟರು. ಪ್ರತಿಕಾಯವೂ ಒಂದು ಪ್ರೋಟೀನೇ. ಕೆಲವು ಇಲಿಗಳಿಗೆ ಔಷಧ ಕೊಡುತ್ತಿರುವಾಗಲೇ ಕಾಲಿನ ಅಭ್ಯಾಸವನ್ನೂ ಮಾಡಿಸಿದರು. ಇನ್ನು ಕೆಲವಕ್ಕೆ ಎರಡು ವಾರ ಔಷಧವನ್ನು ಮಾತ್ರ ಕೊಟ್ಟು, ಅದು ಮುಗಿದ ಮೇಲೆ ಅಭ್ಯಾಸ ಮಾಡಿಸಿದರು. ಎರಡನ್ನೂ ಕೂಡಿಯೇ ಮಾಡಿದರೆ ಬೇಗ ಗುಣವಾಗಬೇಕೆಂದು ಯಾರಾದರೂ ಹೇಳಿಯಾರು. ಆದದ್ದು ಬೇರೆ. ಮೊದಲು ಔಷಧ, ಆಮೇಲೆ ಅಭ್ಯಾಸ ಪಡೆದ ಇಲಿಗಳು ಕಳೆದುಕೊಂಡ ಕೌಶಲದ ಬಹುಪಾಲನ್ನು ಮರಳಿ ಪಡೆದವು. ಎರಡನ್ನೂ ಒಟ್ಟಿಗೆ ಪಡೆದವುಗಳಲ್ಲಿ ತಂತುಗಳು ಅಡ್ಡಾದಿಡ್ಡಿಯಾಗಿ ಬೆಳೆದು, ಚಲನೆ ಕೆಟ್ಟಿತು. ಅವರೆಯ ಬಳ್ಳಿಯನ್ನು ಬೆಳೆಸಿದವರಿಗೆ ಇದು ಹೊಸ ಮಾತಲ್ಲ: ಕುಡಿ ಸ್ವಲ್ಪ ಉದ್ದವಾಗಲಿ ಎಂದು ಕಾದು, ಆಮೇಲೆ ಚಪ್ಪರಕ್ಕೆ ಹಬ್ಬಿಸುತ್ತಾರೆ. ಬಳಸುವ ಕವಲು ಉಳಿಯುತ್ತದೆ, ಬಳಸದ ಕವಲು ಒಣಗುತ್ತದೆ. ಆದರೆ ಮೊದಲು ಕವಲು ಹೊರಟಿರಬೇಕು.

ಮನುಷ್ಯರ ವಿಷಯದಲ್ಲಿಯೂ ಹೊತ್ತು ಮುಖ್ಯವೆಂದು ಬೇರೊಂದು ದಾರಿಯಿಂದ ತಿಳಿದುಬಂದಿದೆ. ಪಾರ್ಶ್ವವಾಯುವಾದ 24 ಗಂಟೆಗಳೊಳಗೇ ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಿ ಮೇಲಿಂದ ಮೇಲೆ ನಡೆಸಿದರೆ ಒಳ್ಳೆಯದೆ ಎಂದು ಐದು ದೇಶಗಳ ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿದರು. ಹಾಗೆ ಅತಿಯಾಗಿ ಅವಸರ ಮಾಡಿದವರಿಗಿಂತ ಸಾವಧಾನವಾಗಿ ಎಬ್ಬಿಸಿದವರೇ ಮೂರು ತಿಂಗಳ ಬಳಿಕ ಉತ್ತಮ ಸ್ಥಿತಿಯಲ್ಲಿದ್ದರೆಂದು 2015ರಲ್ಲಿ ತಿಳಿಯಿತು. ಹಾಗೆಂದು ಸುಮ್ಮನೆ ಮಲಗಿರುವುದು ಸರಿಯೆಂದಲ್ಲ. ಕೆಲವು ತಿಂಗಳು ಕಳೆದ ಮೇಲೆ, ಎರಡು ವಾರಗಳ ಕಾಲ, ಎಚ್ಚರವಿರುವ ಹೊತ್ತಿನ ಬಹುಭಾಗ ಒಳ್ಳೆಯ ಕೈಗೆ ಚೀಲ ಕಟ್ಟಿ, ಸೋತ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆಯಿಂದ ಆ ಕೈ ಸುಧಾರಿಸುತ್ತದೆಂದು 2006ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ಪಾರ್ಶ್ವವಾಯು ಬಂದವರ ಮನೆಯಲ್ಲಿ ಪ್ರೀತಿಯಿಂದ ಎಲ್ಲವನ್ನೂ ಕೈಗೆ ತಂದುಕೊಡುವವರು ಇದನ್ನು ತಿಳಿದಿರುವುದು ಒಳ್ಳೆಯದು. ಅಜ್ಜ ಅರ್ಧ ಗಂಟೆ ಹೆಣಗಿ ತಾನೇ ಅಂಗಿಯ ಗುಂಡಿ ಹಾಕಿಕೊಂಡರೆ ಆ ಅರ್ಧ ಗಂಟೆ ವ್ಯರ್ಥವಾಗುವುದಿಲ್ಲ.

ನರವನ್ನು ಚಿಗುರಿಸುವ ಪ್ರೋಟೀನಾಗಲಿ, ತಡೆಯನ್ನು ತೆಗೆಯುವ ಪ್ರತಿಕಾಯವಾಗಲಿ ಪಾರ್ಶ್ವವಾಯುವಿನ ಔಷಧವಾಗಿ ಇನ್ನೂ ಬಳಕೆಗೆ ಬಂದಿಲ್ಲ. ನೋಗೊವನ್ನು ಅಡಗಿಸುವ ಪ್ರತಿಕಾಯವನ್ನು ಬೆನ್ನುಹುರಿಗೆ ಪೆಟ್ಟಾದ ಮನುಷ್ಯರಿಗೆ ಕೊಟ್ಟು ಮಾಡಿದ ಪರೀಕ್ಷೆಯ ಫಲ 2024ರ ಕೊನೆಗೆ ಹೊರಬಂದಿತು. ಒಟ್ಟು ರೋಗಿಗಳಲ್ಲಿ ನಿರೀಕ್ಷಿಸಿದ ಗುಣ ಕಾಣಲಿಲ್ಲ. ತಂತುಗಳು ಪೂರ್ತಿಯಾಗಿ ಕಡಿದುಹೋಗದಿದ್ದ ಕೆಲವರಲ್ಲಿ ಮಾತ್ರ ಆಶಾದಾಯಕ ಸೂಚನೆಗಳು ಕಂಡವು. ಲೆವಿ-ಮೊಂಟಾಲ್ಚಿನಿಯವರ ನರವರ್ಧಕ ಕಣ್ಣಿನ ಒಂದು ನರದೋಷಕ್ಕೆ ಹನಿ ಔಷಧವಾಗಿ ಬಳಕೆಗೆ ಬಂದಿದೆ. ಕಣ್ಣಿಗೆ ಕೋಟೆಯ ಗೋಡೆಯನ್ನು ದಾಟದೆ ಹನಿಹಾಕಬಹುದಲ್ಲವೆ?

ಪಾರ್ಶ್ವವಾಯುವಿನಲ್ಲಿ ಇಂದು ನಿಜವಾಗಿ ಉಪಯೋಗಕ್ಕೆ ಬರುತ್ತಿರುವ ಪ್ರೋಟೀನು ಬೇರೊಂದಿದೆ. ಅದು ದುರಸ್ತಿ ಮಾಡುವುದಿಲ್ಲ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುತ್ತದೆ. ರಕ್ತನಾಳಗಳ ಗೋಡೆಯಲ್ಲಿ ಸಹಜವಾಗಿಯೇ ಇರುವ ಇದನ್ನು ಈಗ ಔಷಧವಾಗಿ ತಯಾರಿಸುತ್ತಾರೆ. ಟಿ.ಪಿ.ಎ. ಎಂದು ಕರೆಯುವ ಈ ಔಷಧವನ್ನು ಮೂರು ಗಂಟೆಗಳೊಳಗೆ ಕೊಟ್ಟರೆ ಹೆಚ್ಚು ಜನ ಅಂಗವೈಕಲ್ಯವಿಲ್ಲದೆ ಚೇತರಿಸಿಕೊಳ್ಳುತ್ತಾರೆಂದು 1995ರಲ್ಲಿಯೂ, ನಾಲ್ಕೂವರೆ ಗಂಟೆಯವರೆಗೆ ಕೊಟ್ಟರೂ ಪ್ರಯೋಜನವಿದೆಯೆಂದು 2008ರಲ್ಲಿಯೂ ತಿಳಿಯಿತು. ನಾಳ ಒಡೆದು ರಕ್ತ ಹರಿದಿರುವವರಿಗೆ ಇದನ್ನು ಕೊಟ್ಟರೆ ಅಪಾಯ. ಆದುದರಿಂದ ಮೊದಲು ತಲೆಯ ಸ್ಕ್ಯಾನ್ ಆಗಲೇಬೇಕು. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಎಣ್ಣೆಯ ಬಟ್ಟಲನ್ನು ಹುಡುಕದೆ ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಬೇಕೆಂದು ವೈದ್ಯರು ಮತ್ತೆ ಮತ್ತೆ ಹೇಳುವುದು ಇದರಿಂದಲೇ. ಸಾಯದೆ ಉಳಿದ ಕೋಶಗಳು ಹೆಚ್ಚಿದ್ದಷ್ಟೂ ಮುಂದೆ ಚಿಗುರಬಲ್ಲ ಕೋಶಗಳೂ ಹೆಚ್ಚು.

ಇತ್ತೀಚೆಗೆ, 2019ರಲ್ಲಿ, ತಡೆಯುವ ಪ್ರೋಟೀನುಗಳ ಪಟ್ಟಿಗೆ ಇನ್ನೊಂದು ಸೇರಿತು. ಅದರ ಹೆಸರು ಸಿ.ಸಿ.ಆರ್.-5. ಇಲಿಗಳಲ್ಲಿ ಪಾರ್ಶ್ವವಾಯುವಿನ ಬಳಿಕ ಅದು ನರಕೋಶಗಳಲ್ಲಿ ಹೆಚ್ಚಾಗುತ್ತದೆ. ಅದನ್ನು ಅಡಗಿಸಿದರೆ ಚೇತರಿಕೆ ಹೆಚ್ಚುತ್ತದೆ. ಈ ಪ್ರೋಟೀನನ್ನು ಕೆಡಿಸುವ ಒಂದು ಬದಲಾವಣೆಯನ್ನು ಹುಟ್ಟಿನಿಂದಲೇ ಪಡೆದ ಮನುಷ್ಯರೂ ಇದ್ದಾರೆ. ಪಾರ್ಶ್ವವಾಯುವಾದ ನೂರಾರು ಜನರನ್ನು ಇಸ್ರೇಲಿನಲ್ಲಿ ಗಮನಿಸಿದಾಗ, ಈ ಬದಲಾವಣೆಯುಳ್ಳವರು ಇತರರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು. ಈ ಪ್ರೋಟೀನನ್ನು ಅಡಗಿಸುವ ಔಷಧ ಏಡ್ಸ್ ರೋಗದ ವೈರಸ್ಸಿನ ವಿರುದ್ಧ 2007ರಿಂದಲೇ ಬಳಕೆಯಲ್ಲಿದೆ. ಅದು ನುಂಗುವ ಮಾತ್ರೆ. ಪಾರ್ಶ್ವವಾಯುವಾದವರಿಗೆ ಅಭ್ಯಾಸದ ಜೊತೆಗೆ ಆ ಮಾತ್ರೆಯನ್ನು ಕೊಟ್ಟು ನೋಡುವ ಪರೀಕ್ಷೆಯನ್ನು ಕೆನಡಾದಲ್ಲಿ ಕೈಗೊಂಡಿದ್ದಾರೆ.